ಗಿರಣಿ ಈರಸಂಗಪ್ಪ ಮತ್ತು ಕಾಶವ್ವನ ಜೋಳ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಒಂದು ಊರಿತ್ತು, ಊರಿಗೊಂದೇ ಹಿಟ್ಟಿನ ಗಿರಣಿಯಿತ್ತು, ಗಿರಣಿಗೆ ಈರಸಂಗಪ್ಪನಿದ್ದ. ದಿನಾ ಮಿಂದು, ಕಲ್ಲಿಗೆ ವಿಭೂತಿ ಹಚ್ಚಿ, ಆಮೇಲೆಯೇ ಬೆಲ್ಟು ಏರಿಸುತ್ತಿದ್ದನಂತೆ. ಅವನು ಒಮ್ಮೆ ಗದರಿದರೆ ಆಚೆ ಊರಿನ ಜೋಳ ತಾನೇ ಹಿಟ್ಟಾಗುತ್ತಿತ್ತು ಅಂತಾರೆ. ಅಷ್ಟೇನೂ ಇರಲಿಕ್ಕಿಲ್ಲ. ಸಿಟ್ಟು ಮಾತ್ರ ಇತ್ತು.

ಆ ಊರಿನ ಕಾಶವ್ವನ ಗಂಡ ಏಡ್ಸ್ ಬಂದು ತೀರಿಕೊಂಡ. ಪರೀಕ್ಷೆ ಮಾಡಿದಾಗ ಅವಳ ರಕ್ತದಲ್ಲೂ ಎಚ್‌ಐವಿ ಸಿಕ್ಕಿತು. ದವಾಖಾನೆಯ ಗುಳಿಗೆ ನುಂಗುತ್ತ ಅವಳು ಗಟ್ಟಿಯಾಗಿಯೇ ಇದ್ದಳು. ಗಟ್ಟಿಯಿಲ್ಲದ್ದು ಊರಿನ ಬುದ್ಧಿ. ಗಿರಣಿಯ ಕಲ್ಲಿನಲ್ಲಿ ಒಬ್ಬರ ಹಿಟ್ಟು ಹಿಡಿಯಷ್ಟು ಉಳಿದು ಮುಂದಿನವರ ಬುಟ್ಟಿಗೆ ಸೇರುತ್ತದಲ್ಲ, ಅದಕ್ಕೆ ಕಾಶವ್ವನ ಜೋಳದ ಹಿಂದೆ ತಮ್ಮ ಜೋಳ ಬೇಡ ಅಂದರಂತೆ.

ಹಿಟ್ಟಿನಿಂದ ಬರುವ ರೋಗವಲ್ಲ ಅಂತ ಈರಸಂಗಪ್ಪ ಹೇಳಿದ. ಮುಟ್ಟಿದರೆ ಬರದು, ಕೂಡಿ ಉಂಡರೆ ಬರದು ಅಂದ. ಜನ ತಲೆಯಾಡಿಸಿದರು. ಮರುದಿನ ಬಂದು ಅದನ್ನೇ ಕೇಳಿದರು. ಅವನು ಮತ್ತೆ ಹೇಳಿದ. ಅವರು ಮತ್ತೆ ತಲೆಯಾಡಿಸಿದರು. ಹೇಳಿ ಹೇಳಿ ಗಿರಣಿಯ ಕಲ್ಲು ಮೂರು ಸಲ ಸವೆಯಿತಂತೆ, ಊರಿನ ಹಠ ಸವೆಯಲಿಲ್ಲವಂತೆ.

ಸಾಕಾಗಿ ಅವಳ ಜೋಳವನ್ನು ದಿನದ ಕೊನೆಗೆ ಬೀಸಿದ. ಸರಿ, ಮರುದಿನದ ಮೊದಲ ಬುಟ್ಟಿ ಅವಳ ಹಿಂದಿನದಾಯಿತು. ಯಾರೂ ಮೊದಲು ಬರಲೊಲ್ಲರು. ನೀ ಹೋಗು, ನೀ ಹೋಗು ಅನ್ನುತ್ತ ಊರಿಗೆ ಊರೇ ಬುಟ್ಟಿ ಹೊತ್ತು ನಿಂತಿತು. ಮಧ್ಯಾಹ್ನವಾದರೂ ಒಂದು ಮನೆಯಲ್ಲೂ ರೊಟ್ಟಿ ಬಡಿಯುವ ಸದ್ದಿಲ್ಲ. ಹಿರಿಯರು ಅವಳನ್ನೇ ಊರು ಬಿಡಿಸುವ ಮಾತೆತ್ತಿದರು. ಕಾಶವ್ವ ಉಳಿದ ಜೋಳವನ್ನು ಗಂಟು ಕಟ್ಟಿದಳು. ಇವಳು ಹೀಗೆ ಹೋದರೆ ನಾಳೆ ಯಾವ ಕೈಯಿಂದ ಕಲ್ಲಿಗೆ ವಿಭೂತಿ ಹಚ್ಚಲಿ ಅಂತ ಈರಸಂಗಪ್ಪನ ಜೀವ ಒದ್ದಾಡಿತು.

ಹಿರಿಯರನ್ನು ಬಿಟ್ಟು, ಪಾಳಿಯಲ್ಲಿ ನಿಂತಿದ್ದ ಕಾಲೇಜಿನ ಹುಡುಗ ಹುಡುಗಿಯರ ಕಡೆ ತಿರುಗಿದ. "ಇವರಿಗೆ ಹೇಳಿ ಹೇಳಿ ನನ್ನ ಗಂಟಲ ಹರೀತು. ನೀವು ಓದಿದವರು, ಬಾಯಾಗ ಏನು ಇಟ್ಕೊಂಡು ನಿಂತೀರಿ? ಹಿಟ್ಟಂತೂ ಇವತ್ತು ಇಲ್ಲ."

ಅವರೊಳಗಿನ ಕುಂಬಾರರ ಶಿವಲೀಲಾ ತನ್ನ ಬುಟ್ಟಿ ತಂದು ಮುಂದಿಟ್ಟಳು.

"ಲಗ್ನ ಆಗಬೇಕಾದಾಕಿ, ಸುಮ್ನ ಹಿಂದ ಬಾ," ಅಂದಳು ತಾಯಿ.

"ಲಗ್ನ ಆಗಬೇಕಂತನ ಇದನ್ನ ತಿಳ್ಕೊಂಡೀನಿ, ಯವ್ವಾ."

ಅಂದವಳು ಎಲ್ಲರಿಗೂ ಕೇಳುವಂತೆ ಹೇಳಿದಳಂತೆ: ಕಾಂಡೋಮ್ ಇಲ್ಲದ ಕೂಟ, ಸೋಂಕಿನ ರಕ್ತ, ಒಬ್ಬರಿಗೆ ಚುಚ್ಚಿ ಇನ್ನೊಬ್ಬರಿಗೂ ಚುಚ್ಚಿದ ಸೂಜಿ, ತಾಯಿಯಿಂದ ಕೂಸಿಗೆ, ಅದು ಬರುವ ದಾರಿ ಇವು. ಪರೀಕ್ಷೆಯುಂಟು, ಔಷಧವುಂಟು. ಕಾಂಡೋಮ್ ಅಂದಾಗ ಹಿರಿಯರು ರುಮಾಲು ಸರಿಮಾಡಿಕೊಂಡರಂತೆ. ಕಿವಿ ಮಾತ್ರ ಮುಚ್ಚಿಕೊಳ್ಳಲಿಲ್ಲ.

ಬೆಲ್ಟು ಏರಿತು. ಅವಳ ಹಿಂದೆ ಉಳಿದ ಹುಡುಗರ ಬುಟ್ಟಿಗಳು ಬಂದವು. ಹಸಿದ ಹಿರಿಯರವೂ ಬಂದವು. ಈರಸಂಗಪ್ಪ ಕಾಶವ್ವನ ಗಂಟು ಬಿಚ್ಚಿಸಿದ. ಮರುದಿನದಿಂದ ಅವಳ ಜೋಳವನ್ನೇ ಎಲ್ಲರಿಗಿಂತ ಮೊದಲು ಬೀಸಿದ. ಹುಡುಗರು ಓಣಿ ಓಣಿ ತಿರುಗಿ ತಿಳಿಸಿದರು.

ಈಗ ಈರಸಂಗಪ್ಪನೂ ಇಲ್ಲ, ಕಾಶವ್ವನೂ ಇಲ್ಲ. ಗಿರಣಿ ಇದೆ. ಇವತ್ತಿಗೂ ಬೆಳಗ್ಗೆ ಊರಿನ ಹರೆಯದವರೊಬ್ಬರು ಕಾಶವ್ವನ ಹೆಸರಲ್ಲಿ ಮೊದಲ ಹಿಡಿ ಜೋಳ ಸುರಿದು, ಶಿವಲೀಲಾ ಹೇಳಿದ್ದನ್ನು ಪಾಳಿಗೆಲ್ಲ ಹೇಳುತ್ತಾರೆ. ಎಷ್ಟು ಹೇಳಿದರೂ ಕೇಳುವವರು ಕೇಳುತ್ತಲೇ ಇರುತ್ತಾರೆ, ನಮ್ಮ ಮುಂದೆ ಯಾರ ಜೋಳ ಹಾಕಿದಿರಿ ಅಂತ. ಆಗ ಈರಸಂಗಪ್ಪನ ಹಾಗೆಯೇ ಗದರಿ ಅನ್ನುತ್ತಾರಂತೆ:

"ಕಾಶವ್ವಂದು. ಬುಟ್ಟಿ ಇಳಿಸ್ರಿ."