ಖಾಲಿ ಗುಹೆಗೆ ಬೀಸಿದ ಗಾಳಿ

ಬಂಡೆಗಳೇ ಒಂದರ ಮೇಲೊಂದು ಹತ್ತಿ ಕೂತಂತಿದ್ದ ಒಂದು ಗುಡ್ಡ. ಅದರ ನೆತ್ತಿಯ ಗುಹೆಯಲ್ಲಿ ಜಡೆಯಮ್ಮ ಎಂಬ ಕರಡಿ, ತನ್ನ ಮರಿ ಮಿಡಿಯ ಜೊತೆ ವಾಸವಾಗಿದ್ದಳು. ಗುಹೆಯ ಬಾಗಿಲ ಪಕ್ಕದ ಬಿರುಕಿನಲ್ಲಿ ತುಡುವೆ ಜೇನುಗಳ ಸಂಸಾರ.

ಎರಡು ಮನೆಗಳ ನಡುವೆ ಒಂದು ಮಾತಾಗಿತ್ತು. ಜೇನು ಕದಿಯಲು ಬಂದವರನ್ನು ಜಡೆಯಮ್ಮ ಓಡಿಸಬೇಕು. ಮಳೆಗಾಲ ಹಿಡಿದಾಗ ಜೇನುಗಳು ಅವಳಿಗೆ ಪಾಲು ಕೊಡಬೇಕು. ಜಡಿಮಳೆಯಲ್ಲಿ ಪುಟ್ಟ ಮರಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಮಿಡಿಯ ಹೊಟ್ಟೆಗೆ ಆ ಪಾಲೇ ಆಧಾರ.

ಆ ವರ್ಷ ಬೇಸಿಗೆ ಬಂತು ನೋಡಿ, ಗುಹೆ ಒಲೆಯಂತಾಯಿತು. ಜಡೆಯಮ್ಮ ಬಿರುಕಿಗೆ ಮೂತಿಯಿಟ್ಟು, "ತುಡುವಕ್ಕಾ, ನಿಮ್ಮ ಮನೆ ಮಾತ್ರ ಹೇಗೆ ಇಷ್ಟು ತಣ್ಣಗಿದೆ?" ಎಂದು ಕೇಳಿದಳು.

"ಸಾಲಾಗಿ ನಿಂತು ರೆಕ್ಕೆ ಬೀಸ್ತೀವಲ್ಲ," ಎಂದಳು ಹಿರಿಯ ಜೇನು ತುಡುವಕ್ಕ.

"ನಮ್ಮ ಕಡೆಗೂ ಸ್ವಲ್ಪ ಬೀಸಬಾರದೇ?"

"ಅದಕ್ಕೇನಂತೆ! 'ಬೀಸಿ' ಅಂದರೆ ಶುರು ಮಾಡ್ತೀವಿ, 'ಸಾಕು' ಅಂದರೆ ನಿಲ್ಲಿಸ್ತೀವಿ."

"ಬೀಸಿ!" ಎಂದಳು ಜಡೆಯಮ್ಮ. ಝುಂಯ್ ಎಂದು ಗಾಳಿ ಬಂತು. ತಾಯಿ ಮಗಳಿಬ್ಬರೂ ಹಾಯಾಗಿ ಕಾಲು ಚಾಚಿದರು.

'ಬೀಸಿ' ಎನ್ನುವುದು ಅವಳಿಗೆ ಚೆನ್ನಾಗಿ ನೆನಪಿರುತ್ತಿತ್ತು. 'ಸಾಕು' ಎನ್ನುವುದು ಮಾತ್ರ ಮರೆತೇ ಹೋಗುತ್ತಿತ್ತು.

ಇಬ್ಬರೂ ಕಾರೆ ಹಣ್ಣು ತಿನ್ನಲು ಇಳಿದು ಹೋದರೆ, ಖಾಲಿ ಗುಹೆಗೆ ಗಾಳಿ. ಹಳ್ಳದಲ್ಲಿ ಸಂಜೆಯವರೆಗೆ ಬಿದ್ದುಕೊಂಡಿದ್ದರೆ, ಖಾಲಿ ಗುಹೆಗೆ ಗಾಳಿ. ಒಂದು ಮುಂಜಾನೆ ತಂಪು ಬಿದ್ದು ಮಿಡಿ ನಡುಗಿದಳು. "ಅಮ್ಮಾ, ಚಳಿ."

"ಒಣಗಿದೆಲೆ ಹೊದ್ದುಕೋ, ಬಂಗಾರ."

ಅಷ್ಟರಲ್ಲಿ ಪಕ್ಕದ ಬಿಲದ ಮುಳ್ಳುಹಂದಿ ಸೂಜಣ್ಣ ಇಣುಕಿದ. "ಏನಮ್ಮಾ ಇದು? ಗಾಳಿ ಬೀಸಿಸಿಕೊಂಡು, ಚಳಿ ಅಂತ ಹೊದ್ದುಕೊಂಡಿದ್ದೀರಿ?"

"ಇದರ ಸುಖ ನಿನಗೆಲ್ಲಿ ಗೊತ್ತಾಗಬೇಕು," ಎಂದು ಜಡೆಯಮ್ಮ ಮಗ್ಗುಲು ಬದಲಿಸಿದಳು.

ಕೊನೆಗೊಂದು ದಿನ ಮೋಡ ಗುಡುಗಿತು. ಜಡೆಯಮ್ಮ ಖುಷಿಯಿಂದ ಬಿರುಕಿಗೆ ಇಣುಕಿ ನೋಡಿದಳು. ಹೊಂಬಣ್ಣಕ್ಕೆ ತುಂಬಿ ತೂಗಬೇಕಾದ ಜೇನುಹುಟ್ಟು ಬಡಕಲಾಗಿ, ಬಿಳುಚಿಕೊಂಡು ನೇತಾಡುತ್ತಿತ್ತು.

"ಕಳ್ಳತನ!" ಎಂದು ಕೂಗಿ ಅವಳು ನೇರವಾಗಿ ಸೂಜಣ್ಣನ ಮುಂದೆ ನಿಂತಳು. "ತೆಗೆದಿಟ್ಟಿರೋ ಜೇನು ತೆಗಿ."

"ನಾನು ಜೇನು ಕುಡಿದಿದ್ದರೆ ಮುಳ್ಳಿಗೆಲ್ಲ ಅಂಟಿಕೊಂಡು ಇಷ್ಟು ಹೊತ್ತಿಗೆ ಇರುವೆಗಳ ಪಾಲಾಗಿರುತ್ತಿದ್ದೆ. ವಾಸನೆ ನೋಡು ಬೇಕಾದರೆ."

ನೋಡಿದಳು. ಬರೀ ಗೆಡ್ಡೆಯ ವಾಸನೆ.

ಮಂಗಗಳೇ ಇರಬೇಕು ಎಂದುಕೊಂಡಳು. ಅವು ಮಾವು ಹಣ್ಣಾದಾಗಲೇ ಕೆಳಗಿನ ತೋಪಿಗೆ ಹೋಗಿದ್ದವು. ಗಿಡುಗವೇ? ಅದಕ್ಕೆ ಬೇಕಾದ್ದು ಇಲಿ, ಜೇನಲ್ಲ. ತಲೆಕೆಟ್ಟು, ಗುಹೆಯ ಬಾಗಿಲಿಗೆ ನುಣ್ಣನೆಯ ಮಣ್ಣು ಹರಡಿ ಮಲಗಿದಳು. ಬೆಳಗೆದ್ದು ಹೊರಗೂ ಒಳಗೂ ಓಡಾಡಿ ಹುಡುಕಿದಳು. ಇದ್ದವು ಹೆಜ್ಜೆಗಳು! ದೊಡ್ಡವು, ಉಗುರಿನವು. ಒಂದರಲ್ಲಿ ತನ್ನ ಪಾದವಿಟ್ಟು ನೋಡಿದರೆ ಸರಿಯಾಗಿ ಕೂತಿತು.

ಜಡೆಯಮ್ಮ ಮಗಳ ಕಡೆ ತಿರುಗಿದಳು. "ಮಿಡಿ, ನಾನೇನು ನಿದ್ದೆಗಣ್ಣಲ್ಲಿ ಎದ್ದು ಜೇನು ತಿಂತೀನಾ? ನನ್ನ ಬಾಯಿ ಮೂಸಿ ನೋಡು."

ಮಿಡಿ ಮೂಸಿದಳು. "ಗೆದ್ದಲು ವಾಸನೆ, ಅಮ್ಮಾ."

"ಹಾಗಾದರೆ ತಿಂದವರು ಯಾರು?"

"ನಾವೇ," ಎಂದಿತೊಂದು ದಣಿದ ದನಿ. ರೆಕ್ಕೆಯಂಚು ಹರಿದ ತುಡುವಕ್ಕ ಬಿರುಕಿನ ಬಾಯಲ್ಲಿ ಕೂತಿದ್ದಳು. ಹಿಂದೆ ಉಳಿದವರು ಇನ್ನೂ ಬೀಸುತ್ತಲೇ ಇದ್ದರು.

"ನೀವಾ! ನನ್ನ ಮಗಳ ಪಾಲನ್ನಾ!"

"ರೆಕ್ಕೆ ಸುಮ್ಮನೆ ಆಡುತ್ತಾ, ತಾಯಿ? ಬೀಸೋಕೆ ಬಲ ಬೇಕು, ಬಲಕ್ಕೆ ಜೇನು ಬೇಕು. ಹಗಲೆಲ್ಲ ಬೀಸಿದ್ವಿ, ಹಗಲೆಲ್ಲ ತಿಂದ್ವಿ."

"ಆದರೆ ನಾವು ಮನೆಯಲ್ಲೇ ಇರಲಿಲ್ಲವಲ್ಲ!"

"ಅದೇ ನಮಗೂ ತಿಳೀಲಿಲ್ಲ. ಯಾರೂ ಇಲ್ಲದ ಗುಹೆಗೆ ಯಾಕೆ ಗಾಳಿ ಅಂತ ನಮ್ಮ ನಮ್ಮಲ್ಲೇ ಕೇಳಿಕೊಂಡ್ವಿ. ದೊಡ್ಡವರು, ಏನೋ ಕಾರಣ ಇರುತ್ತೆ ಅಂದುಕೊಂಡ್ವಿ."

ಕಾರಣ ಇದ್ದರೆ ತಾನೇ ಹೇಳುವುದು! "ಸಾಕು," ಎಂದಳು ಜಡೆಯಮ್ಮ, ಕೊನೆಗೂ. ಗುಡ್ಡವೆಲ್ಲ ಗಪ್ಪಾಯಿತು.

ಹುಟ್ಟಿನ ಮೂಲೆಯಲ್ಲಿ ಇನ್ನೂ ತುಸು ಜೇನಿತ್ತು. ಮಿಡಿ ಆಗಲೇ ಬಾಯಿ ತೆರೆದು ನಿಂತಿದ್ದಳು. ಜಡೆಯಮ್ಮ ಪಂಜ ಎತ್ತಿದಳು.

"ಅದನ್ನೂ ತಗೊಂಡರೆ ಮಳೆ ಬಿಡೋ ಹೊತ್ತಿಗೆ ನಾವು ಯಾರೂ ಇರೋಲ್ಲ," ಎಂದಳು ತುಡುವಕ್ಕ.

ಎತ್ತಿದ ಪಂಜ ಹಾಗೇ ಕೆಳಗಿಳಿಯಿತು.

ಆ ಮಳೆಗಾಲ ಮಿಡಿ, ಸೂಜಣ್ಣ ಅಗೆದು ತೋರಿಸಿದ ಕಹಿ ಗೆಡ್ಡೆಗಳನ್ನು ಮುಖ ಸಿಂಡರಿಸಿಕೊಂಡು ತಿಂದು ಬೆಳೆದಳು. ಗೆಡ್ಡೆ ತಂದ ಸೂಜಣ್ಣ ಒಮ್ಮೆ ಗುಹೆಯ ಹಿಂಬದಿ ನೋಡಿ ನಿಂತ. "ಅಲ್ಲಮ್ಮಾ, ಈ ಕಿಂಡಿಗೆ ಎಲೆ ತುರುಕಿದವರು ಯಾರು?"

"ನಾನೇ. ಚಳಿಗಾಲದಲ್ಲಿ ತುರುಕಿದ್ದೆ. ಆಮೇಲೆ ತೆಗೆಯೋದೇ ಮರೆತೆ," ಎಂದಳು ಜಡೆಯಮ್ಮ.

ಎಲೆಯೆಳೆದು ಬಿಸುಟರೆ ಸುಯ್ಯನೆ ಗಾಳಿ ನುಗ್ಗಿತು. ಯಾರ ರೆಕ್ಕೆಯೂ ಹರಿಯದೆ, ಯಾರ ಜೇನೂ ಕರಗದೆ.

ಮರುಬೇಸಿಗೆಯಲ್ಲಿ ತಾಯಿ ಮಗಳು ಹಣ್ಣಿಗೆ ಹೊರಟರು. ಇಳಿಜಾರಿನಲ್ಲಿ ಮಿಡಿ ಗಕ್ಕನೆ ನಿಂತು, ತಿರುಗಿ, ಗುಡ್ಡ ಮೊಳಗುವಂತೆ ಕೂಗಿದಳು: "ಸಾಕು!"

"ಈ ವರ್ಷ ನಾವಿನ್ನೂ ಶುರುವೇ ಮಾಡಿಲ್ಲ, ಮಗಾ!" ಎಂದು ಬಿರುಕಿನೊಳಗಿಂದ ಉತ್ತರ ಬಂತು.

ನೀತಿ: ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಯಾರದೋ ನಾಳೆಯ ತುತ್ತನ್ನು ತಿನ್ನುತ್ತಿರುತ್ತದೆ, ಮೊದಲು ಕಿಟಕಿ ತೆರೆಯಿರಿ, ಹೊರಡುವಾಗ ನಿಲ್ಲಿಸಿ ಹೊರಡಿ.