ಕಲ್ಲಿನ ಮೇಲಿನ ನಾಲ್ಕು ಸಾಲು

"ಗುರುಗಳೇ, ಯುರೋಪಿನ ಕಡಲಲ್ಲಿ ನಿರಾಶ್ರಿತರು ದೋಣಿ ಮಗುಚಿ ಸಾಯುತ್ತಿದ್ದಾರೆ. ಇಲ್ಲಿ ಕೂತು ನಾನು ಪದ್ಯ ಬರೆದರೆ ಅವರಿಗೇನು ಸಿಕ್ಕೀತು?" ಎಂದು ಚೆನ್ನವೀರ ಕೇಳಿದ. ಅವನು ಕೂತಲ್ಲಿ ಕೂರಲಾರದೆ ಅತ್ತಿಂದಿತ್ತ ಓಡಾಡುತ್ತಿದ್ದ. ಬರೆದರೂ ತಪ್ಪು, ಬರೆಯದಿದ್ದರೂ ತಪ್ಪು ಎಂಬ ಸಂಕಟ ಅವನನ್ನು ಹಲವು ದಿನಗಳಿಂದ ಹಿಂಡುತ್ತಿತ್ತು.

ಗುರುಗಳು ಕತೆ ಹೇಳಿದರು.

ಆ ಕಡಲ ದಡದ ಒಂದು ಊರಿನಲ್ಲಿ ಒಬ್ಬ ಕವಿ ಇದ್ದ. ಒಂದು ದಿನ ಅಲ್ಲಿ ದೋಣಿ ಮಗುಚಿತು. ಬದುಕಿದ್ದವರನ್ನು ಊರವರು ದಡಕ್ಕೆಳೆದರು. ಒಬ್ಬ ಹುಡುಗ ಮಾತ್ರ ಹೆಣವಾಗಿ ಬಂದ. ಅವನನ್ನು ಮಣ್ಣು ಮಾಡಿ, ಗೋರಿಯ ಕಲ್ಲಿನ ಮೇಲೆ ಕೆತ್ತಲು ನಾಲ್ಕು ಸಾಲು ಬರೆದುಕೊಡು ಎಂದು ಕವಿಯನ್ನು ಕೇಳಿದರು. ಬದುಕುಳಿದವರಲ್ಲಿ ಒಬ್ಬ ದರ್ಜಿಗೆ ಮಾತ್ರ ಹುಡುಗನ ಗುರುತಿತ್ತು. ನಿರಾಶ್ರಿತರ ಶಿಬಿರಕ್ಕೆ ಹೋಗುವ ಬಸ್ಸು ಹತ್ತುವ ಮುನ್ನ ಅವನು ಕವಿಯ ಕೈ ಹಿಡಿದು ಹುಡುಗನ ಹೆಸರು ಹೇಳಿಹೋದ.

ಹೆಸರು ಉದ್ದವಾಗಿತ್ತು. ಎಲ್ಲಿಟ್ಟರೂ ಛಂದಸ್ಸು ಮುರಿಯುತ್ತಿತ್ತು. ಕವಿಗಳಿಗೆ ಕಿವಿ ಕೊಂಚ ಹೆಚ್ಚೇ ಸೂಕ್ಷ್ಮ, ಏನು ಮಾಡುವುದು! ಕವಿ ಇಟ್ಟು ನೋಡಿದ, ತೆಗೆದು ನೋಡಿದ. ಕಡೆಗೆ ಅದನ್ನು ಹೊಡೆದುಹಾಕಿ 'ಕಡಲ ಕಂದ' ಎಂದು ಬರೆದ. ಸಾಲು ಅಳತೆಗೆ ಸರಿಯಾಗಿ ಕೂತಿತು. ಓದಿದವರೆಲ್ಲ ಅತ್ತರು. ಎಲ್ಲೆಲ್ಲಿಂದಲೋ ಜನ ಅದನ್ನು ಓದಲೆಂದೇ ಬಂದರು.

ಕೆಲಕಾಲದ ಮೇಲೆ ಒಬ್ಬ ತಾಯಿ ಬಂದಳು. ಬೇರೆ ದೋಣಿಯಲ್ಲಿ ಕಡಲು ದಾಟಿದ್ದವಳು. ದಡದ ಊರೂರಿನ ಗೋರಿಗಳಲ್ಲಿ ಮಗನ ಹೆಸರು ಹುಡುಕುತ್ತಿದ್ದಳು. ಅಲ್ಲಿನ ಲಿಪಿ ಅವಳಿಗೆ ಬಾರದು.

"ಇದರಲ್ಲೇನಿದೆ, ಸ್ವಲ್ಪ ಓದಿ ಹೇಳಣ್ಣಾ," ಎಂದು ಹರಕುಮುರುಕು ಮಾತಿನಲ್ಲಿ ಕವಿಯನ್ನೇ ಕೇಳಿದಳು.

ಕವಿ ಓದಿದ. ಅವಳು ಕಲ್ಲು ಸವರಿ ಅತ್ತಳು. "ಪಾಪ, ಯಾವ ತಾಯಿಯ ಮಗುವೋ," ಎಂದಳು. ನನ್ನ ಮಗನ ಗೋರಿ ಕಂಡರೆ ತಿಳಿಸಿ ಎಂದು ಅವನ ಹೆಸರು ಹೇಳಿ, ಮುಂದಿನ ಊರಿಗೆ ಹೊರಟಳು.

ಹೆಸರನ್ನು ಎಲ್ಲೋ ಕೇಳಿದ್ದೇನೆ ಎನಿಸಿತು ಕವಿಗೆ. ನೆನಪಾಗಿ ಎದ್ದುಬಿದ್ದು ಓಡುವಷ್ಟರಲ್ಲಿ ಅವಳ ಬಸ್ಸು ಹೋಗಿಬಿಟ್ಟಿತ್ತು. ಅಂದಿನಿಂದ ಅವನೂ ಊರೂರು ಅಲೆಯುತ್ತಿದ್ದಾನೆ. ಅವಳು ಇನ್ನೂ ಸಿಕ್ಕಿಲ್ಲ.

ಚೆನ್ನವೀರ ನಿಂತುಬಿಟ್ಟಿದ್ದ. ಅವನ ಕಣ್ಣು ತುಂಬಿ ಬಂದಿತ್ತು.

"ಓದಿದವರೆಲ್ಲ ಅಳುವಂಥ ಆ ನಾಲ್ಕು ಸಾಲು ಯಾವುವು, ಗುರುಗಳೇ?"

ಗುರುಗಳು ಅವನ ಮುಖ ನೋಡಿ ಹೇಳಿದರು: "ನೀನೂ ಸಾಲನ್ನೇ ಕೇಳಿದೆ, ಹುಡುಗನ ಹೆಸರು ಕೇಳಲಿಲ್ಲ."