ಹನ್ನೊಂದೆಳೆಯ ಬತ್ತಿ

ಹೊಳೆ ದಂಡೆಯಲ್ಲೊಂದು ಆಶ್ರಮ. ಆಶ್ರಮ ಅಂದರೆ ಏನು ಮಹಾ, ನಾಲ್ಕು ಗುಡಿಸಲು, ಒಂದು ಅಡುಗೆಮನೆ, ಕೆಮ್ಮುವ ಒಬ್ಬ ಮುದುಕ. ಮುದುಕನ ಹೆಸರು ಮರಿದೇವಯ್ಯ. ಬಂದವರೆಲ್ಲ ‘ಬುದ್ಧಿ’ ಅಂತ ಕರೆಯುತ್ತಿದ್ದರು.

ಮಕ್ಕಳನ್ನೋ ಗಂಡನನ್ನೋ ಕಳೆದುಕೊಂಡವರು ಅಲ್ಲಿಗೆ ಬರುತ್ತಿದ್ದರು. ಪದ್ಧತಿ ಒಂದೇ. ಜೇನುಮೇಣವನ್ನೂ ಕೊಬ್ಬರಿ ಎಣ್ಣೆಯನ್ನೂ ಕಾಯಿಸಿ ತೆಂಗಿನ ಕರಟಕ್ಕೆ ಹುಯ್ಯಬೇಕು. ನಡುವೆ ನೂಲಿನ ಬತ್ತಿ ನಿಲ್ಲಿಸಬೇಕು. ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಅದನ್ನು ಹಚ್ಚಿ, ಹೋದವರ ಹೆಸರು ಹೇಳಿ, ಪಕ್ಕದಲ್ಲೇ ಕೂರಬೇಕು.

ದೀಪ ತಳದವರೆಗೂ ಉರಿದು ಮುಗಿದರೆ ಎದ್ದು ಊರಿಗೆ ಹೋಗಬೇಕು. ನಡುವೆ ಆರಿದರೆ ಇನ್ನೊಂದು ತಿಂಗಳು ಅಲ್ಲೇ ಇರಬೇಕು.

ಬಸಮ್ಮಣ್ಣಿ ಬಂದು ವರ್ಷ ತುಂಬಿತ್ತು. ಅವಳ ಆರು ವರ್ಷದ ಮಗಳು ಕುಸುಮಾ ಜ್ವರದಲ್ಲಿ ಹೋಗಿದ್ದಳು. ಊರಲ್ಲಿ ಗಂಡ, ನಾದಿನಿ, ಮೂರು ವರ್ಷದ ಮಗ ಇದ್ದರು. ಅವಳ ದೀಪ ಮಾತ್ರ ಪ್ರತಿ ತಿಂಗಳೂ ಆರುತ್ತಿತ್ತು.

ಆವತ್ತೂ ಆರಿತು. ಕರಟ ಹಿಡಿದುಕೊಂಡು ಬುದ್ಧಿಯ ಮುಂದೆ ಬಂದು ನಿಂತಳು.

“ಮತ್ತೆ ಆರಿಹೋಯ್ತು ಬುದ್ಧಿ.”

“ಗಾಳಿ ಇತ್ತಾ?”

“ಇರಲಿಲ್ಲ.”

“ಮೇಣಕ್ಕೆ ನೀರು ಸೇರಿತ್ತಾ?”

“ಇಲ್ಲ. ನಾನೇ ಸೋಸಿದ್ದು.”

ಮರಿದೇವಯ್ಯ ಉಗುರಿನಿಂದ ಮೇಣ ಕೆರೆದು ಬತ್ತಿ ಕಿತ್ತ. ತೊಡೆಯ ಮೇಲಿಟ್ಟು ಎಳೆ ಬಿಡಿಸಿದ. ಐದೇ ಎಳೆ.

“ಹೋದ ವಾರ ಆ ಕುಂಬಾರರ ಅಜ್ಜಿಗೆ ನೀನೇ ತಾನೇ ಬತ್ತಿ ಹೊಸೆದುಕೊಟ್ಟಿದ್ದು? ಅದೂ ಇದೇ ಅಳತೆ ಕರಟ. ಎಷ್ಟೆಳೆ ಹಾಕಿದೆ?”

ಅವಳು ತಲೆ ತಗ್ಗಿಸಿದಳು. “ಹನ್ನೊಂದು.”

“ಹೇಗೆ ಉರೀತು?”

“ಚೆನ್ನಾಗಿ ಉರೀತು. ಮಧ್ಯಾಹ್ನಕ್ಕೆ ಮುಗೀತು. ಅಜ್ಜಿ ಊರಿಗೆ ಹೋದರು.”

“ಐದೆಳೆ ಹಾಕಿದರೆ?”

“ಉರಿ ಸಣ್ಣದಾಗುತ್ತೆ. ಕರಗಿದ ಮೇಣ ಹೀರೋಕೆ ಅದರ ಕೈಲಿ ಆಗಲ್ಲ. ಅದರಲ್ಲೇ ಮುಳುಗಿ ಆರುತ್ತೆ.”

“ಗೊತ್ತಿತ್ತು ಅನ್ನು.”

“ಗೊತ್ತಿತ್ತು ಬುದ್ಧಿ.”

ಬೈಯುತ್ತಾನೆ ಅಂದುಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುದುಕ ಬಿಡಿಸಿದ ಐದೆಳೆಯನ್ನೂ ಅವಳ ಅಂಗೈಗೆ ಹಾಕಿದ.

ಅವಳೇ ಬಾಯಿಬಿಟ್ಟಳು. “ಇದೂ ಉರಿದು ಮುಗಿದರೆ ನನ್ನ ಕೂಸಿಂದು ಅಂತ ಏನು ಉಳಿಯುತ್ತೆ ಬುದ್ಧಿ? ಆರಿದರೆ ಇನ್ನೊಂದು ತಿಂಗಳು ಅವಳ ಹೆಸರು ಹೇಳ್ಕೊಂಡು ಕೂತಿರಬಹುದು.”

“ಊರಿಂದ ಸುದ್ದಿ ಬಂತಾ?”

“ನಿನ್ನೆ ನಮ್ಮೆಜಮಾನರು ಹೇಳಿ ಕಳಿಸಿದ್ದರು. ಮಗ ಈಗ ನಾದಿನೀನೇ ಅವ್ವ ಅಂತಾನಂತೆ.”

ಮರಿದೇವಯ್ಯ ಮೊಣಕಾಲು ಹಿಡಿದುಕೊಂಡು ಎದ್ದ. ಗುಡಿಸಲೊಳಗೆ ಹೋಗಿ ಒಂದು ಕರಟ ತಂದು ಅವಳ ಮುಂದಿಟ್ಟ. ಮೈಯೆಲ್ಲ ಧೂಳು. ಮೇಣ ಮುಕ್ಕಾಲು ಹಾಗೇ ಇತ್ತು, ನಡುವೆ ಕರಿ ಚುಕ್ಕೆಯಷ್ಟು ಬತ್ತಿ.

“ಇದು ಯಾರದು ಬುದ್ಧಿ?”

“ನನ್ನ ಮಗಂದು. ಇದೇ ಹೊಳೇಲಿ ಹೋದ. ಮೂವತ್ತೆರಡು ವರ್ಷ ಆಯ್ತು.”

ಅವಳು ಕರಟವನ್ನೇ ನೋಡಿದಳು. “ಎಷ್ಟೆಳೆ?”

“ಐದು.”

“ಊರಲ್ಲಿ ನಿಮ್ಮೋರು ಯಾರೂ ಇರಲಿಲ್ವಾ?”

“ಹೆಂಡತಿ ಇದ್ದಳು. ಮಗಳೂ ಇದ್ದಳು. ಹತ್ತು ವರ್ಷ ಕಾದರು. ಮಗಳ ಮದುವೆಗೆ ಕರೆಯೋಕೆ ಇಬ್ಬರೂ ಇಲ್ಲಿತನಕ ಬಂದರು. ನಾಳೆ ದೀಪ ಪೂರ್ತಿ ಉರಿದರೆ ಬಂದೇ ಬರ್ತೀನಿ ಅಂದೆ.”

“ಉರೀಲಿಲ್ವಾ?”

“ಎಲ್ಲಿಂದ ಉರಿಯುತ್ತೆ, ಹೊಸೆದವನು ನಾನು.” ಮುದುಕ ಕೆಮ್ಮಿದ. “ಆಮೇಲೆ ಅವರು ಬರಲಿಲ್ಲ. ಜನ ನನ್ನನ್ನ ವಿರಾಗಿ ಅಂತ ಕಾಲಿಗೆ ಬೀಳ್ತಾರೆ.”

ಬಸಮ್ಮಣ್ಣಿ ನೂಲಿನ ಉಂಡೆ ತಗೊಂಡು ಅಲ್ಲೇ ಕೂತಳು. ಒಂದೊಂದೇ ಎಳೆ ತೊಡೆಯ ಮೇಲಿಟ್ಟಳು. ಐದಾಯಿತು. ಕೈ ನಿಂತಿತು. ತುಂಬಾ ಹೊತ್ತು ನಿಂತಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕಣ್ಣು ಒರೆಸಿಕೊಂಡು ಆರನೆಯದು ಇಟ್ಟಳು.

ಮಾರನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ದೀಪ ಹಚ್ಚಿ “ಕುಸುಮಾ” ಅಂದಳು. ಉರಿ ಎದ್ದು ನಿಂತಿತು. ಮೇಣ ಕರಟದ ಅಂಚಿನವರೆಗೂ ಕರಗಿತು, ಉರಿ ಮುಳುಗಲಿಲ್ಲ. ಮೇಣ ಇಳಿದಂತೆಲ್ಲ ಅವಳು ಸೆರಗು ಬಾಯಿಗೆ ತುರುಕಿಕೊಂಡು ನೋಡುತ್ತಿದ್ದಳು. ಎರಡು ಸಲ ಊದಿ ಆರಿಸೋಣ ಅಂತ ಬಗ್ಗಿದಳು. ಎರಡು ಸಲವೂ ಹಿಂದೆ ಸರಿದಳು.

ಮಧ್ಯಾಹ್ನಕ್ಕೆ ಬತ್ತಿ ವಾಲಿತು, ಎಳೆಯಷ್ಟು ಹೊಗೆ ಬಂತು, ಮುಗಿಯಿತು.

“ಅಯ್ಯೋ ನನ್ನ ಕಂದಾ” ಅಂತ ಅವಳು ಕೂಗಿದ್ದು ಆಚೆ ದಡಕ್ಕೂ ಕೇಳಿಸಿತು. ವರ್ಷದಲ್ಲಿ ಅವಳು ಹಾಗೆ ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಯಾರೂ ತಡೆಯಲಿಲ್ಲ.

ಅತ್ತು ಮುಗಿದ ಮೇಲೆ ಕರಟ ತೊಳೆದಳು. ಗಂಟು ಕಟ್ಟಿಕೊಂಡು ಬಂದು ಬುದ್ಧಿಯ ಕಾಲಿಗೆ ಬಿದ್ದಳು.

ಮುದುಕನ ಎರಡೂ ಕೈಯಲ್ಲಿ ಆ ಧೂಳು ಹಿಡಿದ ಕರಟ ಇತ್ತು. ತಲೆ ಮುಟ್ಟಿ ಹರಸೋಕೆ ಕೈ ಖಾಲಿ ಇರಲಿಲ್ಲ.

“ಹೊರಡೋಕೆ ಮುಂಚೆ ಇದಕ್ಕೂ ಒಂದು ಬತ್ತಿ ಹೊಸೆದುಕೊಟ್ಟು ಹೋಗು ತಾಯಿ. ನನ್ನ ಕೈ ಐದನೇ ಎಳೆಗೇ ನಿಂತುಬಿಡುತ್ತೆ.”